ಹಲವು ಕಾಯಿಲೆ ಇರುವ ಹಿರಿಯರು ಆಸ್ಪತ್ರೆಗೆ ಸೇರಿದಾಗ ಔಷಧಿ ಬರೆಯುವುದು ಹೇಗೆ

ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರುಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ, ‘ಈ ಅಜ್ಜಿಗೆ ಏನು ಬರೆಯಲಿ?’ ನಾನು ವಾಪಸ್ ಕೇಳುವುದೂ ಯಾವಾಗಲೂ ಅದೇ. ಅವರು ಈಗ ಏನೇನು ನುಂಗುತ್ತಿದ್ದಾರೆ? ಒಂದೊಂದನ್ನೂ ಯಾಕೆ ನುಂಗುತ್ತಿದ್ದಾರೆ? ಎಮರ್ಜೆನ್ಸಿ ಬಿಟ್ಟರೆ, ಈ ಎರಡಕ್ಕೆ ಉತ್ತರ ಸಿಗುವ ತನಕ ಹೊಸ ಮಾತ್ರೆ ಬರೆಯಬೇಡಿ. ಬಿಪಿ, ಶುಗರ್, ಹಾರ್ಟ್ ಫೇಲ್ಯೂರ್, ಮಂಡಿನೋವು, ಜೊತೆಗೆ ಸ್ವಲ್ಪ ಮರೆವು ಇರುವ ಎಂಬತ್ತು ದಾಟಿದವರಿಗೆ ಒಂದೊಂದು ಕಾಯಿಲೆಗೂ ಪುಸ್ತಕ ಹೇಳಿದಷ್ಟು ಕೂಡಿಸುತ್ತಾ ಹೋದರೆ ಹತ್ತು ಹನ್ನೆರಡು ಮಾತ್ರೆ ಸಲೀಸಾಗಿ ಆಗಿಬಿಡುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಒಟ್ಟಿಗೆ ಹೊಟ್ಟೆಗೆ ಹೋದಾಗ ಅವರನ್ನು ಬಾತ್‌ರೂಮಿನಲ್ಲಿ ಬೀಳಿಸುವುದು ಅವೇ.

ನಾನು ಅನುಸರಿಸುವ ಕ್ರಮ ಕೆಳಗಿದೆ. ಕೇಸ್ ಶೀಟ್ ಬರೆಯುವ ಡಾಕ್ಟರುಗಳಿಗೆ ಅಂತ ಬರೆದಿದ್ದೇನೆ, ನರ್ಸ್ ಮತ್ತು ಫಾರ್ಮಸಿಸ್ಟ್‌ಗಳಿಗೂ ಉಪಯೋಗ ಆಗಬಹುದು. ಮನೆಯವರು ಓದುತ್ತಿದ್ದರೆ ಒಂದು ಮಾತು: ಇದನ್ನು ನೋಡಿ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ತಿಳಿಯಲು ಬಳಸಿಕೊಳ್ಳಿ.

ಚೀಲ ಬಿಡಿಸಿ, ಹಾಸಿಗೆ ಮೇಲೆ ಹರಡಿ

ಹಳೇ ಡಿಸ್ಚಾರ್ಜ್ ಸಮ್ಮರಿ ನೋಡಿ ಪಟ್ಟಿ ಇಳಿಸಿಕೊಂಡರೆ ಆಗುವುದಿಲ್ಲ. ಮನೆಯಲ್ಲಿರುವ ಎಲ್ಲವನ್ನೂ ತರಿಸಿ. ಕಣ್ಣಿನ ಡ್ರಾಪ್ಸ್, ಇನ್‌ಹೇಲರ್, ಇನ್ಸುಲಿನ್, ಪ್ಯಾಚ್, ಚೀಟಿ ಇಲ್ಲದೆ ಕೊಂಡ ಶೀತದ ಮಾತ್ರೆ, ನೋವಿನ ಮಾತ್ರೆ, ಬೇರೆ ಪದ್ಧತಿಯ ಪುಡಿ, ಲೇಹ್ಯ, ಎಲ್ಲ. ಜನ ಇವನ್ನು ಔಷಧಿ ಅಂತ ಎಣಿಸುವುದೇ ಇಲ್ಲ, ಹೆಸರು ಹಿಡಿದು ಕೇಳಿದರೆ ಮಾತ್ರ ಹೇಳುತ್ತಾರೆ. ಗ್ಲಾಕೋಮಾಗೆ ಹಾಕುವ ಟಿಮೋಲಾಲ್ ಡ್ರಾಪ್ಸ್ ಕಣ್ಣಿನಲ್ಲೇ ಉಳಿಯುವುದಿಲ್ಲ. ರಕ್ತಕ್ಕೆ ಸೇರಿ ನಾಡಿಯನ್ನು ನಿಧಾನ ಮಾಡುತ್ತದೆ, ಉಬ್ಬಸ ಇರುವವರಿಗೆ ಉಬ್ಬಸ ಕೆರಳಿಸುತ್ತದೆ.

ತಲೆಸುತ್ತಿ ಬಿದ್ದು ಅಡ್ಮಿಟ್ ಆಗಿದ್ದ ಒಬ್ಬ ಅಜ್ಜಿಯ ಚೀಲ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಸ್ಟ್ರಿಪ್ ಇದ್ದವು, ಒಂದು ಹಸಿರು, ಒಂದು ನೀಲಿ. ಬೇರೆ ಕಂಪನಿ, ಬೇರೆ ಹೆಸರು. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಬಿಪಿ ಇಳಿಸುವ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ. ಹಸಿರಿನಲ್ಲಿ ಅದೊಂದೇ, ನೀಲಿಯಲ್ಲಿ ಜೊತೆಗೆ ಆಮ್ಲೋಡಿಪಿನ್ ಅನ್ನುವ ಇನ್ನೊಂದು ಬಿಪಿ ಔಷಧಿ. ಒಬ್ಬ ಡಾಕ್ಟರು ಬರೆದಿದ್ದನ್ನು ಇನ್ನೊಬ್ಬರು ಬದಲಿಸಿದ್ದರು, ಆದರೆ ಹಳೆಯದನ್ನು ಬಿಡಿ ಅಂತ ಯಾರೂ ಹೇಳಿರಲಿಲ್ಲ. ಅಜ್ಜಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದರು. ಮಲಗಿದಾಗ ಮೇಲಿನ ಬಿಪಿ 118, ಎದ್ದು ನಿಂತಾಗ 86. ಅಷ್ಟರಲ್ಲಿ ಕೇಸ್ ಶೀಟಿನಲ್ಲಿ ತಲೆಸುತ್ತಿಗೆ ಅಂತ ಪ್ರೋಕ್ಲೋರ್‌ಪೆರಜಿನ್ ಬರೆದಾಗಿತ್ತು. ಬರೆದದ್ದು ನಾನೇ, ಚೀಲ ನೋಡುವ ಮೊದಲು.

ಅದಕ್ಕೇ ಹೇಳುವುದು, ಸ್ಟ್ರಿಪ್ ತಿರುಗಿಸಿ ಓದಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿ ಬರುವ ಕಾಲ ಇದು. ಬ್ರ್ಯಾಂಡ್ ಹೆಸರು ಬರೆದುಕೊಂಡರೆ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಮೆಲ್ಲಗೆ, ಬೈಯುವ ಧ್ವನಿ ಇಲ್ಲದೆ: ‘ಇದರಲ್ಲಿ ಯಾವುದನ್ನು ದಿನಾ ತೆಗೆದುಕೊಳ್ಳುವುದಿಲ್ಲ?’ ಇದು ಬಹಳ ಮುಖ್ಯ. ಮನೆಯಲ್ಲಿ ಅರ್ಧ ಬಿಟ್ಟು ಅರ್ಧ ನುಂಗುತ್ತಿದ್ದವರಿಗೆ ವಾರ್ಡಿನಲ್ಲಿ ನರ್ಸ್ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಎರಡನೇ ದಿನ ಬಿಪಿ ಬೀಳುತ್ತದೆ, ಶುಗರ್ ಬೀಳುತ್ತದೆ, ನಾವು ಸೋಂಕು ಅಂತ ಹುಡುಕುತ್ತಾ ಕೂರುತ್ತೇವೆ. ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿ, ಕೊಂಡ ದಿನಾಂಕ ಕೇಳಿ. ಲೆಕ್ಕ ತಾನಾಗಿ ಗೊತ್ತಾಗುತ್ತದೆ.

ಪ್ರತಿ ಮಾತ್ರೆಗೂ ಒಂದು ಕಾರಣ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಔಷಧಿ, ಬಲಗಡೆ ಅದು ಯಾವ ಕಾಯಿಲೆಗೆ. ಬಲಗಡೆ ಖಾಲಿ ಉಳಿದವು ಎಲ್ಲಿಂದ ಬಂದವು ಅಂತ ಹುಡುಕಿ. ಹೆಚ್ಚಾಗಿ ಸಿಗುವವು ಇವೇ: ಹೊಟ್ಟೆಯ ಆಸಿಡ್ ಇಳಿಸಲು ಯಾವಾಗಲೋ ಅಡ್ಮಿಟ್ ಆದಾಗ ಶುರುವಾದ ಪ್ಯಾಂಟೊಪ್ರಜೋಲ್, ನಿದ್ದೆಗೆ ಅಂತ ನಾಲ್ಕು ದಿನಕ್ಕೆ ಕೊಟ್ಟು ನಾಲ್ಕು ವರ್ಷ ಆದ ಕ್ಲೋನಜೆಪಾಮ್, ಸ್ಟೆಂಟ್ ಹಾಕಿದ ಮೇಲೆ ಅವಧಿ ಮುಗಿದರೂ ಮುಂದುವರಿದ ಕ್ಲೋಪಿಡೋಗ್ರೆಲ್. ಕಾರಣ ಕಾಣಲಿಲ್ಲ ಅಂತ ತಕ್ಷಣ ಹೊಡೆದು ಹಾಕಬೇಡಿ. ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದವರಿಗೆ, ಆಸ್ಪಿರಿನ್ ಜೊತೆ ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಆ ಪ್ಯಾಂಟೊಪ್ರಜೋಲ್ ಬೇಕೇ ಬೇಕು. ಹಳೇ ಚೀಟಿ, ಮನೆಯವರ ನೆನಪು, ಬರೆದ ಡಾಕ್ಟರಿಗೆ ಒಂದು ಫೋನ್, ಇಷ್ಟು ಮಾಡಿದ ಮೇಲೆ ನಿರ್ಧಾರ ಮಾಡಿ.

ಹೊಸ ತೊಂದರೆ ಬಂದರೆ ಮೊದಲು ಮಾತ್ರೆ ಮೇಲೆ ಅನುಮಾನ ಪಡಿ

ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೊಂದು ಔಷಧಿ ಬರೆಯುವುದು, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು. ರೋಶನ್ ಮತ್ತು ಗುರ್ವಿಟ್ಜ್ 1990ರ ದಶಕದಲ್ಲಿ ಇದಕ್ಕೆ ‘ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್’ ಅಂತ ಹೆಸರು ಕೊಟ್ಟರು. ಮೇಲೆ ಹೇಳಿದ ಅಜ್ಜಿಯ ವಿಷಯದಲ್ಲಿ ನಾನು ಬರೆದ ಪ್ರೋಕ್ಲೋರ್‌ಪೆರಜಿನ್ ಮುಂದುವರಿದಿದ್ದರೆ ಏನಾಗಬಹುದಿತ್ತು ನೋಡಿ. ಕೆಲವು ವಾರಗಳಲ್ಲಿ ಕೈಕಾಲು ಬಿಗಿ, ನಡಿಗೆ ನಿಧಾನ, ಸ್ವಲ್ಪ ನಡುಕ. ಯಾರೋ ಪಾರ್ಕಿನ್ಸನ್ ಅಂತ ಲೆವೊಡೋಪಾ ಶುರು ಮಾಡುತ್ತಿದ್ದರು. ಲೆವೊಡೋಪಾ ನಿಂತಾಗಿನ ಬಿಪಿಯನ್ನು ಇನ್ನೂ ಇಳಿಸುತ್ತದೆ. ಮತ್ತೆ ತಲೆಸುತ್ತು, ಮತ್ತೆ ಬೀಳುವುದು. ಎಲ್ಲದರ ಮೂಲ ಎರಡು ಸ್ಟ್ರಿಪ್ ಟೆಲ್ಮಿಸಾರ್ಟಾನ್.

ದಿನಾ ಕಾಣುವ ಇನ್ನೊಂದು ಸರಪಳಿ ಆಮ್ಲೋಡಿಪಿನ್‌ನದು. ಅದರಿಂದ ಕಾಲು ಊದುತ್ತದೆ. ಇದು ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ, ಸಣ್ಣ ರಕ್ತನಾಳಗಳಿಂದ ಜಿನುಗಿದ್ದು. ಹಾಗಾಗಿ ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’) ಕೊಟ್ಟರೆ ಊತ ಅಷ್ಟಾಗಿ ಇಳಿಯುವುದಿಲ್ಲ, ಆದರೆ ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಹೆಬ್ಬೆರಳು ಕೆಂಪಾಗಿ ನೋಯುತ್ತದೆ, ಅದಕ್ಕೆ ನೋವಿನ ಮಾತ್ರೆ, ಅದರಿಂದ ಕಿಡ್ನಿಗೆ ಪೆಟ್ಟು. ಆಮ್ಲೋಡಿಪಿನ್ ಡೋಸ್ ಇಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಮರೆವಿಗೆ ಕೊಡುವ ಡೊನೆಪೆಜಿಲ್‌ನಿಂದ ಮೂತ್ರದ ಅವಸರ ಬರುತ್ತದೆ, ಅದನ್ನು ತಡೆಯಲು ಆಕ್ಸಿಬ್ಯುಟಿನಿನ್ ಬರೆದರೆ ಅದು ಡೊನೆಪೆಜಿಲ್‌ಗೆ ನೇರ ವಿರುದ್ಧ ಕೆಲಸ ಮಾಡುತ್ತದೆ, ಮರೆವು ಹೆಚ್ಚುತ್ತದೆ.

ಗಲಿಬಿಲಿ, ಬೀಳುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಊಟ ಸೇರದಿರುವುದು, ಸೋಡಿಯಂ ಇಳಿಯುವುದು. ಇವು ಯಾವುದೇ ಬರಲಿ, ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಸುಮ್ನೆ ಶೀತಕ್ಕೆ ಅಂತ ತೆಗೆದುಕೊಂಡ ಕ್ಲೋರ್‌ಫೆನಿರಮಿನ್ ಸಾಕು, ನೆನ್ನೆ ತನಕ ಚೆನ್ನಾಗಿ ಮಾತಾಡುತ್ತಿದ್ದ ತಾತ ಇವತ್ತು ಮಗನ ಗುರುತು ಹಿಡಿಯದೆ ಇರಲು, ಮೂತ್ರ ಕಟ್ಟಿ ಹೊಟ್ಟೆ ಉಬ್ಬಲು.

ಕಿಡ್ನಿಯನ್ನು ಲೆಕ್ಕ ಹಾಕಿ

ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ನಾರ್ಮಲ್ ಅಂತ ಇದ್ದರೆ ನಂಬಿ ಮುಂದೆ ಹೋಗಬೇಡಿ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ, ಅದು ಬರುವುದು ಮಾಂಸಖಂಡದಿಂದ. ವಯಸ್ಸಾದವರಲ್ಲಿ ಮಾಂಸಖಂಡವೇ ಕರಗಿರುತ್ತದೆ, ಹಾಗಾಗಿ ಕಿಡ್ನಿ ಸೋತಿದ್ದರೂ ಸಂಖ್ಯೆ ಏರುವುದಿಲ್ಲ. 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಳೆಯದಾದರೂ ಡೋಸ್ ನಿರ್ಧರಿಸಲು ಇವತ್ತಿಗೂ ಬಳಸುತ್ತೇವೆ. 140ರಿಂದ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಿ.

84 ವರ್ಷ, 45 ಕಿಲೋ ತೂಕ, ಕ್ರಿಯಾಟಿನಿನ್ 1.1 ಇರುವ ಅಜ್ಜಿಗೆ ಹಾಕಿ ನೋಡಿ. ಕಿಡ್ನಿ ಸೋಸುವ ವೇಗ ಬರುವುದು ನಿಮಿಷಕ್ಕೆ 27 ಮಿಲಿಲೀಟರ್. ಅದೇ 1.1 ಇರುವ, 70 ಕಿಲೋ ತೂಕದ 40 ವರ್ಷದ ಗಂಡಸಿಗೆ 88. ರಿಪೋರ್ಟಿನಲ್ಲಿ ಇಬ್ಬರದೂ ಒಂದೇ ಸಂಖ್ಯೆ! ಆ ಅಜ್ಜಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪರಿನ್ ಇಂಜೆಕ್ಷನ್ ಪೂರ್ತಿ ಡೋಸ್ ಎರಡು ಹೊತ್ತು ಕೊಟ್ಟರೆ ರಕ್ತಸ್ರಾವ ಆಗಬಹುದು. ನರದ ನೋವಿನ ಪ್ರೆಗಾಬಲಿನ್ ಮಾಮೂಲಿ ಡೋಸ್ ಕೊಟ್ಟರೆ ದಿನವಿಡೀ ತೂಕಡಿಕೆ. ಮೂತ್ರದ ಸೋಂಕಿನ ನೈಟ್ರೋಫ್ಯುರಾಂಟಾಯಿನ್ ಮೂತ್ರಕ್ಕೆ ಸಾಕಷ್ಟು ತಲುಪುವುದೇ ಇಲ್ಲ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಇದನ್ನು ಮಾಡಲು ತೂಕ ಬೇಕು. ಎಷ್ಟೋ ಕೇಸ್ ಶೀಟುಗಳಲ್ಲಿ ತೂಕದ ಜಾಗ ಖಾಲಿ ಇರುತ್ತದೆ, ದಯವಿಟ್ಟು ತೂಕ ನೋಡಿಸಿ. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಬದಲಾಗುತ್ತಿದ್ದರೆ ಯಾವ ಸೂತ್ರವೂ ಸರಿ ಹೇಳುವುದಿಲ್ಲ ಅನ್ನುವುದೂ ನೆನಪಿರಲಿ.

ವಾಂತಿ ಭೇದಿ, ಜ್ವರ, ಊಟ ನೀರು ಇಲ್ಲದ ಸ್ಥಿತಿಯಲ್ಲಿ ಬಂದವರಿಗೆ ಶುಗರಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಗುಂಪಿನವು, ಬಿಪಿ ಮತ್ತು ಹಾರ್ಟ್ ಫೇಲ್ಯೂರ್‌ಗೆ ಕೊಡುವ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಗುಂಪಿನವು, ನೀರಿನ ಮಾತ್ರೆ, ಇವನ್ನು ಸಾಮಾನ್ಯವಾಗಿ ತಾತ್ಕಾಲಿಕವಾಗಿ ತಡೆಹಿಡಿಯುತ್ತೇವೆ. ನೋವಿನ ಮಾತ್ರೆ, ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದವು, ಟೆಲ್ಮಿಸಾರ್ಟಾನ್ ಮತ್ತು ನೀರಿನ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ತಡೆಹಿಡಿದಾಗಲೇ ಮತ್ತೆ ಯಾವಾಗ ಶುರು ಅಂತ ಅಲ್ಲೇ ಬರೆಯಿರಿ. ಇಲ್ಲದಿದ್ದರೆ ಹಾರ್ಟ್ ಫೇಲ್ಯೂರ್ ಮಾತ್ರೆ ಇಲ್ಲದೆ ಮನೆಗೆ ಹೋಗಿ ಮೂರು ವಾರಕ್ಕೆ ಏದುಸಿರು ಬಿಡುತ್ತಾ ವಾಪಸ್ ಬರುತ್ತಾರೆ.

ಪಟ್ಟಿಗಳನ್ನು ಹೇಗೆ ಬಳಸಬೇಕು

ಅಮೆರಿಕದ ಮಾರ್ಕ್ ಬಿಯರ್ಸ್ ಮತ್ತು ಜೊತೆಯವರು 1991ರಲ್ಲಿ ನರ್ಸಿಂಗ್ ಹೋಮ್‌ಗಳಲ್ಲಿರುವ ಹಿರಿಯರಿಗೆ ಕೊಡದಿದ್ದರೆ ಒಳ್ಳೆಯದು ಅಂತ ಮಾಡಿದ ಔಷಧಿಗಳ ಪಟ್ಟಿಯೇ ಬಿಯರ್ಸ್ ಕ್ರೈಟೀರಿಯಾ. ಈಗ ಅದನ್ನು ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ ಪರಿಷ್ಕರಿಸುತ್ತದೆ, 2023ರಲ್ಲೂ ಒಂದು ಆವೃತ್ತಿ ಬಂತು. ಐರ್ಲೆಂಡಿನ ಕಾರ್ಕ್‌ನಿಂದ 2008ರಲ್ಲಿ ಬಂದದ್ದು ಸ್ಟಾಪ್ ಮತ್ತು ಸ್ಟಾರ್ಟ್. ಸ್ಟಾಪ್ ಯಾವುದನ್ನು ನಿಲ್ಲಿಸಲು ಯೋಚಿಸಬೇಕು ಅನ್ನುತ್ತದೆ, ಸ್ಟಾರ್ಟ್ ಯಾವುದು ಬಿಟ್ಟುಹೋಗಿದೆ ಅನ್ನುತ್ತದೆ. ನನಗೆ ವಾರ್ಡಿನಲ್ಲಿ ಈ ಜೋಡಿಯೇ ಹೆಚ್ಚು ಉಪಯೋಗ, ಯಾಕೆಂದರೆ ಅಂಗಾಂಗದ ಪ್ರಕಾರ ಜೋಡಿಸಿದ್ದಾರೆ, ಬಿಟ್ಟುಹೋದದ್ದನ್ನೂ ನೆನಪಿಸುತ್ತದೆ. ಪಟ್ಟಿ ಉದ್ದ ಅಂತ ಹೆದರಬೇಡಿ, ಶುಗರಿನ ಗ್ಲಿಬೆನ್‌ಕ್ಲಮೈಡ್, ಡಯಾಜೆಪಾಮ್ ತರಹದ ನಿದ್ದೆ ಮಾತ್ರೆ, ಖಿನ್ನತೆ ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಹಳೇ ಅಲರ್ಜಿ ಮಾತ್ರೆ, ಬಹಳ ದಿನದಿಂದ ನುಂಗುತ್ತಿರುವ ನೋವಿನ ಮಾತ್ರೆ, ಬರೀ ಸ್ಲೈಡಿಂಗ್ ಸ್ಕೇಲ್ ಇನ್ಸುಲಿನ್ (ಆ ಹೊತ್ತಿನ ಶುಗರ್ ನೋಡಿ ಅಷ್ಟಕ್ಕಷ್ಟೇ ಕೊಡುವುದು), ಇಷ್ಟನ್ನು ಮೊದಲು ಹಿಡಿದರೂ ದೊಡ್ಡ ಕೆಲಸ ಆದ ಹಾಗೆ.

ಆದರೆ ಪಟ್ಟಿಯಷ್ಟೇ ಸಾಲದು. 70 ದಾಟಿದ, ಹಲವು ಕಾಯಿಲೆ ಇರುವ ಸುಮಾರು 2000 ಆಸ್ಪತ್ರೆ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ ಓಪೆರಾಮ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಾಫ್ಟ್‌ವೇರ್ ಸಹಾಯದಿಂದ ಸ್ಟಾಪ್/ಸ್ಟಾರ್ಟ್ ಪ್ರಕಾರ ಔಷಧಿ ಪರಿಶೀಲಿಸಿದರು. ಬೇಡದ ಔಷಧಿ ಕಡಿಮೆಯಾಯಿತು, ಅದರಿಂದ ರೋಗಿಗಳಿಗೆ ಕೆಡುಕೂ ಆಗಲಿಲ್ಲ. ಔಷಧಿ ಕಾರಣಕ್ಕೆ ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ. ಸಲಹೆ ಕೊಟ್ಟ ಮೇಲೂ ಅದನ್ನು ಜಾರಿಗೆ ತರುವವರು, ಮನೆಗೆ ಹೋದ ಮೇಲೂ ಬೆನ್ನು ಹತ್ತುವವರು ಬೇಕು ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ನಿಲ್ಲಿಸುವ ಕೆಲಸ

ಮೊದಲು ಈಗಲೇ ತೊಂದರೆ ಕೊಡುತ್ತಿರುವುದನ್ನು ನಿಲ್ಲಿಸಿ, ಆಮೇಲೆ ಲಾಭ ಇಲ್ಲದ್ದನ್ನು. ಆದಷ್ಟೂ ಒಂದು ಸಲಕ್ಕೆ ಒಂದು. ಮೂರನ್ನು ಒಟ್ಟಿಗೆ ನಿಲ್ಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಬೀಟಾ ಬ್ಲಾಕರ್, ಕ್ಲೋನಿಡಿನ್, ಕ್ಲೋನಜೆಪಾಮ್, ಫಿಟ್ಸ್ ಮಾತ್ರೆ, ಬಹಳ ದಿನದಿಂದ ತೆಗೆದುಕೊಂಡ ಸ್ಟೀರಾಯ್ಡ್, ಇವನ್ನು ಒಮ್ಮೆಗೇ ನಿಲ್ಲಿಸಬಾರದು. ನಿದ್ದೆ ಮಾತ್ರೆ ಇಳಿಸಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ವಾರ್ಡಿನಲ್ಲಿ ಶುರು ಮಾಡಿ, ಉಳಿದದ್ದನ್ನು ಬರೆದು ಕೊಡಿ. ಪ್ಯಾಂಟೊಪ್ರಜೋಲ್ ನಿಲ್ಲಿಸಿದ ಮೇಲೆ ಸ್ವಲ್ಪ ದಿನ ಎದೆಯುರಿ ಜಾಸ್ತಿ ಆಗಬಹುದು ಅಂತ ಮೊದಲೇ ಹೇಳಿದರೆ ಅವರು ಗಾಬರಿಯಿಂದ ಮತ್ತೆ ಶುರು ಮಾಡುವುದಿಲ್ಲ.

ಲೆವೊಡೋಪಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪಾರ್ಕಿನ್ಸನ್ ಇರುವವರು ಅಡ್ಮಿಟ್ ಆದರೆ ಆ ಮಾತ್ರೆ ಮನೆಯ ಸಮಯಕ್ಕೇ ಸಿಗಬೇಕು, ವಾರ್ಡಿನ ರೌಂಡ್ ಸಮಯಕ್ಕೆ ಅಲ್ಲ. ಆಪರೇಷನ್‌ಗೆ ಅಂತ ಉಪವಾಸ ಇಟ್ಟು ಸುಮ್ಮನಾದರೆ ದೇಹ ಮರದ ಹಾಗೆ ಬಿಗಿದು ನುಂಗಲೂ ಆಗದ ಸ್ಥಿತಿ ಬರುತ್ತದೆ. ಅವರಿಗೆ ಕೂಗಾಟ ತಗ್ಗಿಸುವ ಹ್ಯಾಲೋಪೆರಿಡಾಲ್, ವಾಂತಿ ತಡೆಯುವ ಮೆಟೋಕ್ಲೋಪ್ರಮೈಡ್ ಎರಡೂ ಬೇಡ.

ಬಿಟ್ಟುಹೋದದ್ದೂ ತಪ್ಪೇ

ಕಡಿಮೆ ಮಾಡುವ ಉತ್ಸಾಹದಲ್ಲಿ ಬೇಕಾದದ್ದನ್ನು ಬಿಡಬೇಡಿ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಇದ್ದು ಬೀಳುತ್ತಾರೆ ಅನ್ನುವ ಒಂದೇ ಭಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಕೊಡದವರು ಎಷ್ಟೋ ಜನ. ಹೆಚ್ಚಿನವರಲ್ಲಿ ಸ್ಟ್ರೋಕಿನ ಅಪಾಯವೇ ದೊಡ್ಡದು. ಕೊಡುವಾಗ ಡೋಸ್ ಸರಿ ಇರಲಿ. ಇಂಥ ಮಾತ್ರೆಗಳಲ್ಲಿ ಒಂದಾದ ಅಪಿಕ್ಸಬಾನ್ ಅನ್ನು 2.5 ಮಿಲಿಗ್ರಾಂಗೆ ಇಳಿಸಲು 80 ಅಥವಾ ಮೇಲಿನ ವಯಸ್ಸು, 60 ಕಿಲೋ ಅಥವಾ ಕಡಿಮೆ ತೂಕ, ಕ್ರಿಯಾಟಿನಿನ್ 1.5 ಅಥವಾ ಜಾಸ್ತಿ, ಈ ಮೂರರಲ್ಲಿ ಎರಡು ಇರಬೇಕು. ವಯಸ್ಸಾಗಿದೆ ಅಂತ ಸುಮ್ನೆ ಇಳಿಸಿದರೆ ಸ್ಟ್ರೋಕ್ ತಡೆಯುವ ಲಾಭ ಕೈತಪ್ಪಬಹುದು. ಸೊಂಟದ ಮೂಳೆ ಮುರಿದು ಬಂದವರಿಗೆ ಮೂಳೆ ಗಟ್ಟಿಮಾಡುವ ಔಷಧಿ ಶುರುವಾಗಿದೆಯಾ ನೋಡಿ. ಮಾರ್ಫಿನ್, ಟ್ರಮಡಾಲ್ ಬರೆದರೆ ಅದೇ ಸಾಲಿನ ಕೆಳಗೆ ಮಲಬದ್ಧತೆಗೂ ಬರೆಯಿರಿ. ನೋವನ್ನು ಸುಮ್ಮನೆ ಬಿಡಬೇಡಿ, ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಕೊಟ್ಟರೆ ಎಷ್ಟೋ ನೆಮ್ಮದಿ, 50 ಕಿಲೋಗಿಂತ ಕಡಿಮೆ ತೂಕ ಇದ್ದರೆ ಡೋಸ್ ಇಳಿಸಿ.

ಐದು ದಿನದ ಆಂಟಿಬಯೋಟಿಕ್ ಬರೆಯುವಾಗ ಉಳಿದ ಪಟ್ಟಿ ನೋಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದವರಿಗೆ ಮೆಟ್ರೋನಿಡಜೋಲ್ ಕೊಟ್ಟರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಪರೀಕ್ಷೆ) ಏರುತ್ತದೆ. ಕ್ಲಾರಿಥ್ರೋಮೈಸಿನ್ ಡಿಗಾಕ್ಸಿನ್ ಮಟ್ಟವನ್ನು ಏರಿಸುತ್ತದೆ, ಕೊಲೆಸ್ಟ್ರಾಲಿನ ಸಿಮ್ವಸ್ಟಾಟಿನ್ ಜೊತೆ ಮಾಂಸಖಂಡ ಕರಗಿಸಬಹುದು. ಟ್ರೈಮೆಥೋಪ್ರಿಮ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಸೇರಿದರೆ ಪೊಟ್ಯಾಸಿಯಂ ಪ್ರಾಣಕ್ಕೆ ಕುತ್ತಾಗುವಷ್ಟು ಏರಬಹುದು.

ಗುರಿ ಯಾವುದು ಅಂತ ಅವರನ್ನೇ ಕೇಳಿ

ನಡೆಯಬೇಕಾ, ನೋವು ಕಡಿಮೆಯಾಗಬೇಕಾ, ತಲೆ ಸ್ಪಷ್ಟವಾಗಿರಬೇಕಾ, ಎಷ್ಟು ದಿನ ಆದರೂ ಬದುಕಬೇಕಾ? ಇದನ್ನು ಕೇಳದೆ ಗುರಿ ಇಡಲು ಆಗುವುದಿಲ್ಲ. ಹಲವು ಕಾಯಿಲೆ, ಮರೆವು ಇರುವವರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8ರ ಒಳಗೆ ಇದ್ದರೆ ಸಾಕು ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಹೇಳುತ್ತದೆ. ಗ್ಲಿಮೆಪಿರೈಡ್, ಇನ್ಸುಲಿನ್ ಮೇಲೆ ಇರುವ 85ರ ತಾತನ ಎಚ್‌ಬಿಎ1ಸಿ 6.2 ಅಂತ ಕಂಡರೆ ನನಗೆ ಖುಷಿ ಆಗುವುದಿಲ್ಲ, ರಾತ್ರಿ ಶುಗರ್ ಎಷ್ಟಕ್ಕೆ ಇಳಿಯುತ್ತಿದೆಯೋ ಅಂತ ಭಯ ಆಗುತ್ತದೆ. ಬಿಪಿಯನ್ನು ಐದು ನಿಮಿಷ ಮಲಗಿಸಿ ನೋಡಿ, ನಿಂತ ಒಂದನೇ ನಿಮಿಷ ಮತ್ತು ಮೂರನೇ ನಿಮಿಷ ಮತ್ತೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬಿಪಿ ಮಾತ್ರೆ ಏರಿಸುವ ಮಾತು ಬೇಡ.

ರಾತ್ರಿ ಆರ್ಡರ್

ರಾತ್ರಿ ಎರಡಕ್ಕೆ ಫೋನ್ ಬರುತ್ತದೆ, ಪೇಷಂಟ್ ಮಲಗುತ್ತಿಲ್ಲ, ಕೂಗಾಡುತ್ತಿದ್ದಾರೆ. ಫೋನಿನಲ್ಲೇ ಲೊರಜೆಪಾಮ್ ಹೇಳಿಬಿಡಬೇಡಿ. ಹೋಗಿ ನೋಡಿ. ಹೊಟ್ಟೆ ಮುಟ್ಟಿ, ಮೂತ್ರ ಕಟ್ಟಿದೆಯಾ? ಮಲ ಹೋಗಿ ಎಷ್ಟು ದಿನ ಆಯಿತು? ನೋವಿದೆಯಾ, ಆಕ್ಸಿಜನ್ ಎಷ್ಟು, ಶುಗರ್ ಎಷ್ಟು? ಕನ್ನಡಕ, ಕಿವಿ ಯಂತ್ರ ಹಾಕಿದ್ದಾರಾ? ಗುರುತಿನವರು ಪಕ್ಕ ಕೂತು ಕೈ ಹಿಡಿದರೆ ಎಷ್ಟೋ ಸಲ ಶಾಂತರಾಗುತ್ತಾರೆ. ಸಂಜೆಯ ಫ್ಯೂರೋಸೆಮೈಡನ್ನು ಮಧ್ಯಾಹ್ನಕ್ಕೆ ತಂದರೆ ಅರ್ಧ ನಿದ್ದೆ ವಾಪಸ್ ಬರುತ್ತದೆ. ತಮಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿ ಇದ್ದರೆ ಮಾತ್ರ ಔಷಧಿ, ಅದೂ ತೀರಾ ಕಡಿಮೆ ಡೋಸ್, ಬೆಳಗ್ಗೆ ಮತ್ತೆ ಯೋಚಿಸುವ ಹಾಗೆ.

ನುಂಗಲು ಕಷ್ಟ ಅಂದರೆ ಎಲ್ಲವನ್ನೂ ಅರೆದು ಟ್ಯೂಬಿಗೆ ಹಾಕುವುದನ್ನೂ ನೋಡಿದ್ದೇನೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅರೆದರೆ ಇಡೀ ದಿನದ ಡೋಸ್ ಒಂದೇ ಸಲ ಹೋಗುತ್ತದೆ. ರಕ್ತ ತೆಳುವಾಗಿಸುವ ಡಬಿಗಟ್ರಾನ್ ಕ್ಯಾಪ್ಸೂಲ್ ಬಿಚ್ಚಿದರೆ ರಕ್ತಕ್ಕೆ ಸೇರುವ ಪ್ರಮಾಣ ಏರಿಬಿಡುತ್ತದೆ. ಫಾರ್ಮಸಿಸ್ಟ್ ಅನ್ನು ಕೇಳಿ ಬದಲಿ ಬರೆಯಿರಿ.

ಮನೆಗೆ ಕಳಿಸುವ ದಿನ

ಡಿಸ್ಚಾರ್ಜ್ ಹಾಳೆಯಲ್ಲಿ ನಾಲ್ಕು ಗುಂಪು ಮಾಡಿ. ಹಾಗೇ ಮುಂದುವರಿಸಿದ್ದು, ಡೋಸ್ ಬದಲಿಸಿದ್ದು, ಹೊಸದು, ನಿಲ್ಲಿಸಿದ್ದು. ನಿಲ್ಲಿಸಿದ್ದರ ಪಕ್ಕ ಯಾಕೆ ಅಂತ ಬರೆಯಿರಿ. ‘ಡೈಕ್ಲೋಫೆನಾಕ್ ನಿಲ್ಲಿಸಿದೆ, ಕ್ರಿಯಾಟಿನಿನ್ 2.3 ಆಗಿತ್ತು’ ಅಂತ ಒಂದು ಸಾಲು ಇದ್ದರೆ ಮುಂದಿನ ಡಾಕ್ಟರು ಅದನ್ನು ಮತ್ತೆ ಶುರು ಮಾಡುವುದಿಲ್ಲ. ಹೊಸದರ ಪಕ್ಕ ಎಲ್ಲಿಯ ತನಕ ಅಂತ ಬರೆಯಿರಿ. ಸ್ಪೈರೊನೊಲ್ಯಾಕ್ಟೋನ್, ಎನಲಾಪ್ರಿಲ್ ಹೊಸದಾಗಿ ಶುರು ಮಾಡಿದ್ದರೆ ಒಂದೆರಡು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆಯ ದಿನಾಂಕ ಹಾಕಿ. ಮೆಥೋಟ್ರೆಕ್ಸೇಟ್ ಇದ್ದರೆ ವಾರಕ್ಕೊಮ್ಮೆ ಅಂತ ದೊಡ್ಡದಾಗಿ, ವಾರದ ಹೆಸರು ಸಮೇತ. ದಿನಾ ನುಂಗಿ ಪ್ರಾಣ ಹೋದದ್ದುಂಟು.

ಆಮೇಲೆ ಮಾತ್ರೆ ಕೊಡುವವರು ಮನೆಯಲ್ಲಿ ಯಾರೋ ಅವರನ್ನೇ ಕೂರಿಸಿಕೊಂಡು, ಸ್ಟ್ರಿಪ್ ಕೈಗೆ ಕೊಟ್ಟು, ಯಾವುದು ಯಾವಾಗ ಅಂತ ಅವರ ಬಾಯಿಂದಲೇ ಹೇಳಿಸಿ. ನಿಲ್ಲಿಸಿದ ಸ್ಟ್ರಿಪ್‌ಗಳನ್ನು ಅವರ ಒಪ್ಪಿಗೆ ಪಡೆದು ಚೀಲದಿಂದ ತೆಗೆದುಬಿಡಿ. ಆ ಅಜ್ಜಿಯ ಹಸಿರು ಸ್ಟ್ರಿಪ್ ಅನ್ನು ನಾನು ಹೀಗೇ ತೆಗೆದಿಟ್ಟೆ. ನಾಲ್ಕನೇ ದಿನ ಫೋನ್ ಮಾಡಿ ಮನೆಯಲ್ಲಿ ಇರುವ ಸ್ಟ್ರಿಪ್‌ಗಳ ಹಿಂದಿನ ಸಣ್ಣ ಅಕ್ಷರ ಒಂದೊಂದಾಗಿ ಓದಿ ಅಂತ ಮಗಳಿಗೆ ಹೇಳಿದೆ. ಮೂರನೆಯದು ಓದುವಾಗ ಟೆಲ್ಮಿಸಾರ್ಟಾನ್ 40, ಅದೊಂದೇ ಇರುವುದು. ಮನೆಯ ಡಬ್ಬಿಯಲ್ಲಿ ಇನ್ನೊಂದು ಹಸಿರು ಸ್ಟ್ರಿಪ್ ಉಳಿದಿತ್ತು. ಅಜ್ಜಿ ಅವತ್ತು ಬೆಳಗ್ಗೆ ಅದರಿಂದ ಒಂದು ತೆಗೆದುಕೊಂಡಿದ್ದರು. ಫೋನ್ ಇಡುವ ಮೊದಲು ಅದನ್ನು ಬೇರೆ ತೆಗೆದಿಡಿಸಿ, ನಿಂತು ಬಿಪಿ ನೋಡಲು ಹೇಳಿದೆ.